ಒಂದು ವೀಳ್ಯದ ಹೊತ್ತು

ಗ್ರೇಟರ್ ನೋಯ್ಡಾ
11 ನವೆಂಬರ್ 2024

ಚಿರಂಜೀವಿ ಧಾರಿಣಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ಪದ್ಧತಿ. ಬರೆದಿದ್ದೇನೆ ಎಂದು ತಿಳಿದುಕೋ. ಕ್ಷೇಮವಾಗಿದ್ದರೆ ನಾನೇಕೆ ನಾಲ್ಕನೇ ಇಯತ್ತೆಯ ಅಕ್ಷರ ಹಿಡಿದುಕೊಂಡು ಕೂರುತ್ತಿದ್ದೆ?

ಫೋನ್ ಮಾಡಬಹುದಿತ್ತಲ್ಲ ಅಜ್ಜಿ ಎನ್ನುತ್ತೀ. ನಾನು ಫೋನಿನಲ್ಲಿ ಮಾತಾಡಿದರೆ ಮೂರು ಮನೆಯಾಚೆಗೆ ಕೇಳುತ್ತದೆ, ನಿನ್ನ ಅಜ್ಜನಿಗೆ ಕೇಳದೆ ಇರುತ್ತದೆಯೇ? ಇದು ಅವರ ಕಿವಿಗೆ ಬೀಳಬಾರದ ವಿಷಯ. ನಿನಗೆ ಕನ್ನಡ ಓದುವುದು ನಿಧಾನ, ಗೊತ್ತು. ಜೋರಾಗಿ ಓದು. ಕಣ್ಣಿಗೆ ತಿಳಿಯದ್ದು ಕಿವಿಗೆ ತಿಳಿಯುತ್ತದೆ.

ಓಖ್ಲಾದ ಹಾಯಿ ಕ್ಲಬ್ ಮುಚ್ಚುತ್ತಿದೆ. ನಿನ್ನ ಅಜ್ಜ ಐವತ್ತು ವರ್ಷ ದೋಣಿ ಕಟ್ಟಿದ, ರಿಪೇರಿ ಮಾಡಿದ ಜಾಗ. ಮಾರ್ಚ್ ಮೂವತ್ತೊಂದಕ್ಕೆ ಗೇಟಿಗೆ ಬೀಗ. ಮೆಂಬರುಗಳೆಲ್ಲ ಗಾಲ್ಫಿಗೆ ಹೋಗಿ ಎಷ್ಟೋ ಕಾಲವಾಯಿತು. ಯಮುನೆಯ ಆ ವಾಸನೆಗೆ ಯಾರು ತಮ್ಮ ಭಾನುವಾರ ಹಾಳುಮಾಡಿಕೊಳ್ಳುತ್ತಾರೆ? ಫೈಬರ್ ದೋಣಿಗಳನ್ನು ಲಾರಿಯಲ್ಲಿ ಯಾವುದೋ ಊರಿನ ಕೆರೆಗೆ ಸಾಗಿಸಿದರು. ಮರದವು ಆರು ಉಳಿದಿದ್ದವು. ಎರಡನ್ನು ಹೌಜ್ ಖಾಸಿನ ಹೋಟೆಲಿನವನೊಬ್ಬ ಒಯ್ದ, ಒಂದರಲ್ಲಿ ಐಸು ತುಂಬಿ ಬಾಟಲಿ ಇಡುತ್ತಾನಂತೆ. ಮೂರು ಸೌದೆಯಾದವು. ಕೊನೆಯದನ್ನು, "ಆಚಾರಿಜೀ, ಆಪ್ ರಖ್ ಲೀಜಿಯೆ" ಎಂದು ಇವರ ತಲೆಗೆ ಕಟ್ಟಿದರು. ಕೈಗಡಿಯಾರ ಕೊಟ್ಟಿದ್ದರೆ ಕಪಾಟಿನಲ್ಲಿ ಇಡಬಹುದಿತ್ತು. ಹದಿನಾಲ್ಕು ಅಡಿಯ ದೋಣಿ ಎಲ್ಲಿಡುವುದು?

ಟೆಂಪೋದಲ್ಲಿ ತಂದು ಸೊಸೈಟಿಯ ಬೇಸ್‌ಮೆಂಟಿನಲ್ಲಿ, ನಿನ್ನ ಅಪ್ಪನ ಕಾರು ನಿಲ್ಲುವ ಜಾಗದಲ್ಲಿ ಇಳಿಸಿದರು. ಕಾರು ಈಗ ರಸ್ತೆಯಲ್ಲಿ ಮಲಗುತ್ತದೆ. ನಿನ್ನ ಅಪ್ಪ ಏನೂ ಅನ್ನಲಿಲ್ಲ. ಸರ್ಕಾರಿ ಆಫೀಸಿನಲ್ಲಿ ಇಪ್ಪತ್ತೈದು ವರ್ಷ ಕುಳಿತವನಿಗೆ ಬಾಯಿ ಎಲ್ಲಿರುತ್ತದೆ? ಸೊಸೈಟಿಯ ಸೆಕ್ರೆಟರಿ ಮಹಂತೇಶ್ ಮಾತ್ರ ಇಳಿದು ಬಂದರು. ಬಾಗಲಕೋಟೆ ಕಡೆಯವರು, ನಮ್ಮವರೇ, ಆದರೆ ನೋಟಿಸ್ ಮಾತ್ರ ಹಿಂದಿಯಲ್ಲಿ ಕೊಡುತ್ತಾರೆ.

"ಅಲ್ರೀ ಆಚಾರಿ ಅವ್ರೇ, ಇದು ಪಾರ್ಕಿಂಗ್ ಅದ, ಬಂದರಲ್ಲ."

"ಬಂದರು ಇಲ್ಲ ಅಂತಲೇ ಪಾರ್ಕಿಂಗಿಗೆ ತಂದದ್ದು" ಎಂದರು ನಿನ್ನ ಅಜ್ಜ.

ಈಗ ನನ್ನ ಹೊಟ್ಟೆಯಲ್ಲಿರುವ ಬೆಂಕಿ ಕೇಳು. ದೋಣಿಯ ತಳದ ನಾಲ್ಕು ಹಲಗೆ ಕೊಳೆತಿವೆ. ಅವನ್ನು ಬದಲಿಸಿ, ಕ್ಲಬ್ಬಿಗೆ ಬೀಗ ಬೀಳುವ ಮೊದಲು ಒಮ್ಮೆ ಯಮುನೆಗೆ ಇಳಿಸುತ್ತಾರಂತೆ. ತಳದ ಹಲಗೆ ಬದಲಿಸಿದರೆ ಅದು ಹೊಸ ದೋಣಿಯ ಲೆಕ್ಕ. ಹೊಸ ದೋಣಿ ಎಂದರೆ ಕಟ್ಟಿದವನೇ ಮೊದಲು, ಒಬ್ಬನೇ ಕೂರಬೇಕು. ಒಂದು ವೀಳ್ಯ ಬಾಯಿಗೆ ಹಾಕಿ ಅದು ಮುಗಿಯುವವರೆಗೆ ನೀರಿನ ಮೇಲಿರಬೇಕು. ಹೆಂಡತಿ ದಡದಲ್ಲಿ ಹಗ್ಗ ಹಿಡಿದು ನಿಲ್ಲಬೇಕು. ಹಲಗೆ ಮೋಸವಾದರೆ ಮೊದಲು ಮುಳುಗುವವನು ಕಟ್ಟಿದವನು ಎಂದು ನಮ್ಮ ಹೊನ್ನಾವರದ ಹಿರಿಯರು ಮಾಡಿಟ್ಟ ಪದ್ಧತಿ. ಊರು ಬಿಟ್ಟರೂ ಇವರು ಅದನ್ನು ಬಿಡಲಿಲ್ಲ. ಕ್ಲಬ್ಬಿನ ಕರ್ನಲ್‌ಗಳು ಬಿಳಿ ಟೋಪಿ ಹಾಕಿಕೊಂಡು ಕಾಯುತ್ತಿದ್ದರು, ಇವರು ನಡುನೀರಿನಲ್ಲಿ ಎಲೆ ಅಗಿಯುತ್ತಿದ್ದರು.

ಇಷ್ಟು ದೋಣಿ ಕಟ್ಟಿದ ಮನುಷ್ಯನಿಗೆ ಈಜು ಬರುವುದಿಲ್ಲ. ಕೇಳಿದರೆ, "ಈಜು ಬರುವ ಆಚಾರಿ ಹಲಗೆ ಸರಿಯಾಗಿ ಕೂಡಿಸುವುದಿಲ್ಲ ಮಾರಾಯ್ತಿ" ಎನ್ನುತ್ತಾರೆ. ಈಗ ಎಪ್ಪತ್ತೆಂಟು. ನನ್ನ ಎಡಗೈ ಮಣಿಕಟ್ಟು ದಸರೆಯಲ್ಲಿ ಬಚ್ಚಲಲ್ಲಿ ಬಿದ್ದು ಮುರಿದದ್ದು ನಿನಗೆ ಗೊತ್ತು. ಪ್ಲಾಸ್ಟರ್ ಬಿಚ್ಚಿದರೂ ಹಿಡಿತ ಬರುವುದಿಲ್ಲ ಎಂದಿದ್ದಾನೆ ಡಾಕ್ಟರು. ಹಗ್ಗ ಯಾರು ಹಿಡಿಯುವುದು?

ನೀನು ಬಾ. ಹೋದ ವರ್ಷ ಹೊರಡುವಾಗ "ಗಟಾರದಲ್ಲಿ ಬಿಡೋಕೆ ದೋಣಿ ಯಾಕೆ ಅಜ್ಜ?" ಎಂದುಬಿಟ್ಟೆ. ಅವರು ಅಂದಿನಿಂದ ನಿನ್ನ ಹೆಸರು ಎತ್ತಿಲ್ಲ. ನಿನ್ನನ್ನು ಆರನೇ ವಯಸ್ಸಿಗೆ ಹಾಯಿಯ ಕೆಳಗೆ ಕೂರಿಸಿ ಗಾಳಿ ಯಾವ ಕಡೆಯದೆಂದು ಕೆನ್ನೆಯಿಂದ ತಿಳಿಯಲು ಕಲಿಸಿದವರು ಅವರು. ಸಿಟ್ಟಲ್ಲ ಮಗಳೇ ಅದು. ನೀನು ಹೇಳಿದ್ದು ನಿಜವಿರಬಹುದೆಂಬ ಹೆದರಿಕೆ.

ಕೈ ನೋಯುತ್ತಿದೆ. ಬರೆಯುವ ಕೈಯಲ್ಲ, ಇನ್ನೊಂದು.

ನಿನ್ನ ಅಜ್ಜಿ
ಪದ್ಮಾ

*

ಕೊಚ್ಚಿ
2 ಡಿಸೆಂಬರ್ 2024

ಅಜ್ಜಿ,

ನನ್ನ ಕನ್ನಡ ನೋಡಿ ನಗಬೇಡಿ. ನಿಮ್ಮ ಪತ್ರ ಓದಲು ಎರಡು ಸಂಜೆ ಬೇಕಾಯಿತು. ಜೋರಾಗಿ ಓದಿದೆ. ರೂಮ್‌ಮೇಟ್ ನಾನು ಯಾರನ್ನೋ ಬೈಯುತ್ತಿದ್ದೇನೆ ಎಂದುಕೊಂಡಳು.

ಯಾರ್ಡಿನಲ್ಲಿ ಈಗ ತುಂಬಾ ಕೆಲಸ. ಮೂರು ಟೂರಿಸ್ಟ್ ದೋಣಿ ಫೆಬ್ರವರಿಗೆ ಕೊಡಬೇಕು. ಎಲ್ಲ ಫೈಬರ್. ಅಚ್ಚಿನಲ್ಲಿ ಹಾಕುತ್ತೇವೆ, ತೆಗೆಯುತ್ತೇವೆ. ಅಜ್ಜ ನೋಡಿದರೆ ಇಡ್ಲಿ ಬೇಯಿಸುತ್ತಿದ್ದೀಯಾ ಎನ್ನುತ್ತಾರೆ. ರಜೆ ಇಲ್ಲ. ಬಂದರೂ ಅಜ್ಜ ನನ್ನ ಮುಖ ನೋಡಲ್ಲ.

ಲೈಫ್ ಜಾಕೆಟ್ ಕಳಿಸಿದ್ದೇನೆ. ಕಿತ್ತಳೆ ಬಣ್ಣ. ಪ್ಲೀಸ್, ಅವರಿಗೆ ಹಾಕಿಸಿ. ಪಪ್ಪನಿಗೆ ಹೇಳಿ ಇಳಿಸುವುದನ್ನೇ ನಿಲ್ಲಿಸಿ. ಆ ನೀರು ಬಾಯಿಗೆ ಹೋದರೆ ಏನಾಗುತ್ತದೆ ನನಗೆ ಗೊತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ದೋಣಿ ಮಗುಚಿ ಒಂದು ತಿಂಗಳು ಮಲಗಿದ್ದೆ ನಾನು. ನೆನಪಿದೆ ತಾನೇ?

ಧಾರಿಣಿ

*

ಗ್ರೇಟರ್ ನೋಯ್ಡಾ
16 ಜನವರಿ 2025

ಚಿರಂಜೀವಿ ಧಾರಿಣಿ,

ನೆನಪಿದೆಯೇ ಎಂದು ಕೇಳುತ್ತೀಯಲ್ಲ! ಆ ತಿಂಗಳು ನಿನಗೆ ಗಂಜಿ ಕುಡಿಸಿದವಳು ನಾನು. ನಿನ್ನ ಅಜ್ಜ ದಿನವೂ ಕ್ಲಬ್ಬಿನಿಂದ ಬಂದು ನಿನ್ನ ಹಳದಿ ಕಣ್ಣು ನೋಡಿ, ಊಟ ಮಾಡದೆ ಎದ್ದು ಹೋಗುತ್ತಿದ್ದರು. ಅದು ನಿನಗೆ ಗೊತ್ತಿಲ್ಲ.

ಕಿತ್ತಳೆ ಜಾಕೆಟ್ ಬಂತು. ಅದನ್ನು ತಲೆದಿಂಬು ಮಾಡಿಕೊಂಡು ದೋಣಿಯ ಕೆಳಗೆ ಮಲಗಿ ಕೆಲಸ ಮಾಡುತ್ತಾರೆ. ಯಾರು ಕಳಿಸಿದ್ದೆಂದು ಕೇಳಲಿಲ್ಲ. ಆದರೆ ಸಂಜೆ ಧೂಳು ಒರೆಸಿ ಮಡಚಿಡುತ್ತಾರೆ.

ಮಹಂತೇಶ್ ಮೂರು ನೋಟಿಸ್ ಕೊಟ್ಟರು. ಮೊದಲನೆಯದರ ಮೇಲೆ ಇವರು ಹಲಗೆಯ ಅಳತೆ ಬರೆದರು, ಎರಡನೆಯದರಲ್ಲಿ ಮೊಳೆ ಕಟ್ಟಿಟ್ಟರು. ಮೂರನೆಯದನ್ನು ಕೊಡಲು ಬಂದವರು ಸ್ಟೂಲು ಹಾಕಿ ಕುಳಿತು, "ನಮ್ಮ ಕಡೆ ಹೊಳಿಯೊಳಗ ಹರಿಗೋಲು ನೋಡೀನ್ರೀ. ಇದರ ಹೊಟ್ಟಿ ಭಾರಿ ನುಣುಪು ಅದ" ಎಂದು ಸವರಿದರು. ಈಗ ಸಂಜೆಯಾದರೆ ಇಬ್ಬರಿಗೂ ನಾನು ಚಹಾ ಕಳಿಸಬೇಕು. ಸೆಕ್ರೆಟರಿಯೂ ಕೈತಪ್ಪಿದರು, ಇನ್ನು ತಡೆಯುವವರು ಯಾರು?

ಒಂದು ಮಾತು ಹೇಳಲೋ ಬೇಡವೋ ಎಂದು ಯೋಚಿಸಿದೆ. ಬರೆದೇಬಿಡುತ್ತೇನೆ. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ತೆಗೆದುಕೊಂಡು ಕೆಳಗೆ ಹೋದೆ. ಇವರು ಗರಗಸ ಹಿಡಿದು ಸುಮ್ಮನೆ ನಿಂತಿದ್ದರು. "ಏನಾಯಿತು?" ಎಂದೆ. "ಏನಿಲ್ಲ, ಆ ಉದ್ದನೆಯದು..." ಎಂದು ತಡವರಿಸಿದರು. ಅಳತೆಪಟ್ಟಿ ಎಂಬ ಮಾತು ಬಾಯಿಗೆ ಬರುತ್ತಿಲ್ಲ. ಅದು ಅವರ ಇನ್ನೊಂದು ಕೈಯಲ್ಲೇ ಇತ್ತು.

ವಯಸ್ಸಾಯಿತು ಎಂದುಕೊಳ್ಳಬಹುದು. ನಾನೂ ಸಕ್ಕರೆ ಡಬ್ಬಿಗೆ ಉಪ್ಪು ಹಾಕಿದ್ದೇನೆ. ಆದರೆ ಈ ಮನುಷ್ಯ ನನ್ನ ಹುಟ್ಟಿದ ದಿನ ಮರೆತವರೇ ಹೊರತು, ಅಳತೆ ಮರೆತವರಲ್ಲ.

ಹೊರಗೆ ಮಂಜು, ಎದುರಿನ ಟವರ್ ಕಾಣುತ್ತಿಲ್ಲ. ಸ್ವೆಟರ್ ಹಾಕಿಕೋ ಎನ್ನಲು ಹೋದೆ, ನಿಮ್ಮಲ್ಲಿ ಚಳಿಯೇ ಇಲ್ಲವಲ್ಲ.

ಅಜ್ಜಿ

*

ಗ್ರೇಟರ್ ನೋಯ್ಡಾ
27 ಫೆಬ್ರವರಿ 2025

ಧಾರಿಣಿ,

ನಿನ್ನ ಕಾಗದ ಬಂದಿಲ್ಲ. ನನ್ನದು ಸೇರಿತೋ ಇಲ್ಲವೋ. ಸೇರಿದ್ದರೂ ಇದನ್ನು ಮೊದಲು ಓದು.

ನಿನ್ನೆ ಶಿವರಾತ್ರಿ. ಇವರು ನಿನ್ನ ಅಮ್ಮ ಹರ್ಷಿಣಿಯ ಜೊತೆ ದೇವಸ್ಥಾನಕ್ಕೆ ಹೋದಾಗ ನಾನು ಕೆಳಗಿಳಿದು, ಒದ್ದಾಡಿಕೊಂಡು ದೋಣಿಯೊಳಗೆ ಹತ್ತಿದೆ. ಬಲಗೈಯನ್ನು ಹೊಸ ಹಲಗೆಗಳ ಮೇಲೆ ಆಡಿಸಿದೆ.

ಕೆಲಸ ಹೇಗೆಂದು ನಿನಗೆ ಗೊತ್ತು, ಆದರೂ ಹೇಳುತ್ತೇನೆ, ನೀನು ಈಗ ಇಡ್ಲಿ ಬೇಯಿಸುವವಳು. ಹೊರಗಿನಿಂದ ಇವರು ತಾಮ್ರದ ಮೊಳೆ ಹೊಡೆಯುತ್ತಾರೆ. ಒಳಗೆ ನಾನು ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತೇನೆ. ಮೊಳೆಯ ತುದಿ ಗಟ್ಟಿಗೆ ತಾಗಿ, ಮಡಚಿ, ಮರಕ್ಕೆ ಕಚ್ಚಿಕೊಳ್ಳಬೇಕು. ಹಾಗೆ ಕಚ್ಚಿದರೆ ನಲವತ್ತು ವರ್ಷ ಬಿಡುವುದಿಲ್ಲ. ಒಳಗೆ ಹಿಡಿಯುವವರಿಲ್ಲದೆ ಹೊಡೆದ ಮೊಳೆ ಮೊಳೆಯಲ್ಲ, ಮುಳ್ಳು. ಮದುವೆಯಾದ ಮೂರನೇ ತಿಂಗಳಿನಿಂದ ಆ ಗಟ್ಟಿ ನನ್ನ ಕೈಯಲ್ಲಿತ್ತು. ಕ್ಲಬ್ಬಿನ ಗೋಡೆಯ ಮೇಲಿನ ಫೋಟೋಗಳಲ್ಲಿ ಹುಡುಕಬೇಡ, ನಾನು ಯಾವಾಗಲೂ ದೋಣಿಯ ಒಳಗಿದ್ದೆ.

ಈ ಸಲ ಕೈ ಮುರಿದದ್ದರಿಂದ ನನ್ನನ್ನು ಕರೆಯಲಿಲ್ಲ. ದೋಣಿಯೊಳಗಿನ ಅಡ್ಡಪಟ್ಟಿಯ ಕೆಳಗೆ ಕಾರಿನ ಜಾಕ್ ಕೊಟ್ಟು, ಅದರಿಂದ ಗಟ್ಟಿಯನ್ನು ತಳಕ್ಕೆ ಒತ್ತಿಸಿ, ಒಬ್ಬರೇ ಹೊಡೆದಿದ್ದಾರೆ. ಮೂರು ಹಲಗೆ ಚೆನ್ನಾಗಿವೆ. ನಾಲ್ಕನೆಯದು, ಎಡಗಡೆಯ ತಳದ್ದು, ಹನ್ನೊಂದು ಮೊಳೆ ನೆಟ್ಟಗೆ ನಿಂತಿವೆ. ನನ್ನ ಬೆರಳು ಚುಚ್ಚಿ ರಕ್ತ ಬಂತು. ಗಟ್ಟಿ ಇಡುವುದನ್ನೇ ಮರೆತು ಹೊಡೆದಿದ್ದಾರೆ, ಒಂದಾದ ಮೇಲೊಂದು, ಹನ್ನೊಂದು. ಮೇಲೆ ಹತ್ತಿ ತುರುಕಿ ರಾಳ ಬಳಿದಿದ್ದಾರೆ. ಹೊರಗಿನಿಂದ ನೋಡಿದರೆ ಮದುಮಗಳ ಹಾಗೆ ಹೊಳೆಯುತ್ತದೆ.

ನೀರಿಗೆ ಬಿದ್ದು ಅವರ ಭಾರ ಕುಳಿತರೆ ಆ ಹಲಗೆ ಎಷ್ಟು ಹೊತ್ತು ತಡೆದೀತು? ನೀನು ಅದನ್ನು ಓದಿದವಳು. ಒಂದು ವೀಳ್ಯದ ಹೊತ್ತು ತಡೆದೀತೇ? ಬರೆದು ತಿಳಿಸು.

ರಾತ್ರಿಯ ಊಟಕ್ಕೆ "ಎಲ್ಲ ಮೊಳೆ ಆಯಿತೇ?" ಎಂದು ಕೇಳಿದೆ. "ಆಯಿತು. ನೀನಿಲ್ಲದೆಯೂ ಆಯಿತು ನೋಡು" ಎಂದು ನಕ್ಕರು. ಎಷ್ಟು ಖುಷಿಯಿತ್ತು ಎಂದರೆ ನನ್ನ ನಾಲಿಗೆ ಏಳಲಿಲ್ಲ. ಊರಿಗೆಲ್ಲ ಮಾತು ಕೊಯ್ದು ಕೊಡುವ ನಾಲಿಗೆ ಇದು. ಗಂಡನಿಗೆ 'ನಿಮ್ಮ ಕೈ ತಪ್ಪಿದೆ' ಎಂಬ ಮೂರು ಮಾತು ಹೇಳಲಾರದೆ ಹೋಯಿತು.

ಹೇಳಿದರೆ ಅವರು ಇನ್ನು ಉಳಿ ಮುಟ್ಟುವುದಿಲ್ಲ. ಹೇಳದಿದ್ದರೆ ಮುಳುಗುತ್ತಾರೆ. ನೀನೇ ಹೇಳು.

ಅಜ್ಜಿ

*

ಕೊಚ್ಚಿ
8 ಮಾರ್ಚ್ 2025

ಅಜ್ಜಿ,

ಎರಡೂ ಪತ್ರ ಸೇರಿವೆ. ಮೊದಲನೆಯದಕ್ಕೆ ಏನು ಬರೆಯಬೇಕೆಂದು ಗೊತ್ತಾಗಲಿಲ್ಲ, ಅದಕ್ಕೇ ಬರೆಯಲಿಲ್ಲ. ಸಾರಿ.

ತಡೆಯಲ್ಲ. ಒಂದು ವೀಳ್ಯ ಅಲ್ಲ, ಒಂದು ಲವಂಗದ ಹೊತ್ತೂ ತಡೆಯಲ್ಲ. ನಾನು ಡ್ರಾಯಿಂಗ್ ಮಾಡಿ ನೋಡಿದೆ.

ಅಜ್ಜನಿಗೆ ಹೇಳಿ ಅಜ್ಜಿ. ನೀವೇ ಹೇಳಿ. ಪಪ್ಪ ಹೇಳಿದರೆ ಡಾಕ್ಟರ್ ಹತ್ತಿರ ಎಳೆದುಕೊಂಡು ಹೋಗುತ್ತಾರೆ. ನಾನು ಹೇಳಿದರೆ ಮತ್ತೆ ಗಟಾರದ ಮಾತು ಎನ್ನುತ್ತಾರೆ.

ಏಪ್ರಿಲ್ ಹನ್ನೆರಡಕ್ಕೆ ಟಿಕೆಟ್ ಮಾಡಿಸಿದ್ದೇನೆ. ಅದಕ್ಕಿಂತ ಮೊದಲು ಬಿಡುತ್ತಿಲ್ಲ. ಅಲ್ಲಿಯವರೆಗೆ ತಡೆಯಿರಿ. ಕ್ಲಬ್ ಮುಚ್ಚಿದರೆ ಮುಚ್ಚಲಿ. ನಾನು ಬಂದ ಮೇಲೆ ಹಗ್ಗ ನಾನು ಹಿಡಿಯುತ್ತೇನೆ.

ಆ ಮಾತು ನಾನು ಆಡಬಾರದಿತ್ತು. ಇದನ್ನು ಅಜ್ಜನಿಗೆ ಓದಿ ಹೇಳಬೇಡಿ. ಬಂದು ನಾನೇ ಹೇಳುತ್ತೇನೆ.

ಧಾರಿಣಿ

*

ಗ್ರೇಟರ್ ನೋಯ್ಡಾ
19 ಮಾರ್ಚ್ 2025

ಚಿರಂಜೀವಿ ಧಾರಿಣಿ,

ಏಪ್ರಿಲ್ ಹನ್ನೆರಡು! ಬೀಗ ಬಿದ್ದ ಮೇಲೆ ದೋಣಿಯನ್ನು ಎಲ್ಲಿಂದ ಇಳಿಸುತ್ತೀ, ಮೆಟ್ರೋ ಸ್ಟೇಷನ್ನಿನಿಂದಲೇ? ನೀರಿಗೆ ಇಳಿಜಾರು ಇರುವುದು ಕ್ಲಬ್ಬಿನಲ್ಲಿ ಮಾತ್ರ. ತಡೆಯಿರಿ ಎಂದು ಅಲ್ಲಿಂದ ಬರೆಯುವುದು ಸುಲಭ.

ಇಷ್ಟು ಬೈದಾಯಿತು. ಈಗ ಕೇಳು, ಹೇಳಿದೆ. ಹೇಳಿದೆ ಎನ್ನುವುದಕ್ಕಿಂತ, ಮೊನ್ನೆ ಬೆಳಿಗ್ಗೆ ಇವರ ಹಿಂದೆಯೇ ಕೆಳಗಿಳಿದು, ಮಾತಿಲ್ಲದೆ ದೋಣಿ ಹತ್ತಿ ಕುಳಿತೆ. ಕೆಳಗೆ ಜಾಕ್ ಹಿಡಿದು ಬಗ್ಗಿದ್ದವರು ತಲೆ ಎತ್ತಿದರು.

"ಎಂತದು ಮಾರಾಯ್ತಿ? ಇಳಿ."

"ಎಡಗಡೆ ತಳ. ಹೊಡೆಯಿರಿ" ಎಂದೆ.

"ಅದು ಮುಗಿದಿದೆ."

"ಹೊಡೆಯಿರಿ."

ಗಟ್ಟಿಯನ್ನು ಬಲಗೈಯಲ್ಲಿ ಹಿಡಿದು ಅದರ ಮೇಲೆ ಮೊಣಕಾಲೂರಿದೆ. ಎಡಗೈಯ ಕೆಲಸವನ್ನು ಮೊಣಕಾಲು ಮಾಡಿತು. ಇವರು ಜಾಕ್ ಕೆಳಗಿಟ್ಟು ಸುತ್ತಿಗೆ ಎತ್ತಿಕೊಂಡರು. ಆಮೇಲೆ ಹೊರಗಿನಿಂದ ಒಂದು ಪೆಟ್ಟು. ತುದಿ ಗಟ್ಟಿಗೆ ತಾಗಿ ಮಡಚಿದ ಸದ್ದು ಬಂತಲ್ಲ, ಆ ಸದ್ದು ಅವರಿಗೆ ಗೊತ್ತು. ಮುಗಿದ ಮೊಳೆ ಹಾಗೆ ಸದ್ದು ಮಾಡುವುದಿಲ್ಲ. ಎರಡನೆಯ ಪೆಟ್ಟಿಗೆ ಬಹಳ ತಡವಾಯಿತು. ಹನ್ನೊಂದೂ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಮಹಂತೇಶ್ ಬಂದು, ನಮ್ಮ ಮುಖ ನೋಡಿ ವಾಪಸು ಹೋದರು.

ಕೊನೆಯ ಮೊಳೆಯಾದ ಮೇಲೆ ಹಲಗೆಯ ಆಚೆಯಿಂದಲೇ ಕೇಳಿದರು.

"ಎಷ್ಟು ದಿನದಿಂದ ಗೊತ್ತಿತ್ತು?"

"ಶಿವರಾತ್ರಿಯಿಂದ."

"ಹೇಳಲಿಲ್ಲ."

"ನೀವು ಕರೆಯಲಿಲ್ಲ."

ಆಮೇಲೆ ಅವರು ಹೇಳಿದ್ದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ. "ಎದುರಿಗೆ ಮೊಳೆ ಇರುತ್ತದೆ. ಹೊಡೆದೆನೋ ಹೊಡೆಯುವವನೋ ಗೊತ್ತಾಗುವುದಿಲ್ಲ ಪದ್ಮಾ" ಎಂದರು. ಐವತ್ತೆರಡು ವರ್ಷದಲ್ಲಿ ಹೆಸರು ಹಿಡಿದು ಕರೆದದ್ದು ಇದು ಎರಡನೆಯ ಸಲ. ಮೊದಲನೆಯದು ನಿನ್ನ ಅಪ್ಪ ಹುಟ್ಟಿದಾಗ.

ಯುಗಾದಿಯ ದಿನ ಇಳಿಸುವುದು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹಗ್ಗ ನಿನ್ನ ಅಪ್ಪ ರಘು ಹಿಡಿಯಲಿ ಎಂದೆ. "ಕಟ್ಟದವರ ಕೈಗೆ ಹಗ್ಗ ಕೊಡುವ ಪದ್ಧತಿ ಇಲ್ಲ" ಎಂದರು. ಮಲಗಿದರೂ ಕಣ್ಣು ಮುಚ್ಚುತ್ತಿಲ್ಲ. ನೀನು ಅಲ್ಲಿ ಯಾವುದಾದರೂ ದೇವರಿಗೆ, ಯಾರ ದೇವರಾದರೂ ಸರಿ, ಒಂದು ದೀಪ ಹಚ್ಚು.

ಅಜ್ಜಿ

*

ಗ್ರೇಟರ್ ನೋಯ್ಡಾ
1 ಏಪ್ರಿಲ್ 2025

ಚಿರಂಜೀವಿ ಧಾರಿಣಿ,

ನಿನ್ನ ಅಪ್ಪ ಫೋನಿನಲ್ಲಿ "ಸಬ್ ಠೀಕ್" ಎಂದನಂತೆ. ಅವನ ಬಾಯಿಯಲ್ಲಿ ಪ್ರಳಯವೂ ಸಬ್ ಠೀಕ್. ನಡೆದದ್ದನ್ನು ನಾನು ಬರೆಯುತ್ತೇನೆ.

ಬೇವು ಬೆಲ್ಲ ತಿಂದು ಹೊರಟೆವು. ಟೆಂಪೋ ಮಾಡಿಸಿದ್ದು ಮಹಂತೇಶ್. ಮುಂದೆ ಡ್ರೈವರ್ ಭಯ್ಯಾನ ಪಕ್ಕ ಕುಳಿತು "ಧೀರೇ ಭಯ್ಯಾ, ಅಂದರ್ ದುಲ್ಹನ್ ಹೈ" ಎಂದು, ಒಳಗಿರುವುದು ಮದುಮಗಳೆಂಬಂತೆ, ದಾರಿಯುದ್ದಕ್ಕೂ ಪ್ರಾಣ ತಿಂದರು. ಕ್ಲಬ್ಬಿನಲ್ಲಿ ಚೌಕೀದಾರನ ಹೊರತು ಯಾರೂ ಇಲ್ಲ. ಕುರ್ಚಿಗಳನ್ನೂ ಒಯ್ದಿದ್ದರು. ನೀರು ಕರ್ರಗೆ, ಅಲ್ಲಲ್ಲಿ ಸೋಪಿನ ನೊರೆ, ದಡಕ್ಕೆ ಅಂಟಿದ ಅಂತರಗಂಗೆ ಕಳೆ. ವಾಸನೆಗೆ ನಿನ್ನ ಅಪ್ಪ ಮೂಗಿಗೆ ಮಾಸ್ಕ್ ಹಾಕಿಕೊಂಡ. ನೀನು ಗಟಾರ ಎಂದದ್ದು ಸುಳ್ಳಲ್ಲ, ಮಗಳೇ. ಇವರೂ ನಿಂತು ನೋಡಿ, "ಹುಡುಗಿ ಹೇಳಿದ್ದು ಹೌದು" ಎಂದರು. ಹದಿನಾರು ತಿಂಗಳ ಮೇಲೆ ನಿನ್ನ ಸುದ್ದಿ ಎತ್ತಿದ್ದು ಹಾಗೆ.

ದೋಣಿಯನ್ನು ಇಳಿಜಾರಿನಲ್ಲಿ ನೂಕಿದೆವು. ನಾನು ಮೂತಿಗೆ ಅರಿಶಿನ ಕುಂಕುಮ ಇಟ್ಟೆ. ಇವರು ಜೇಬಿನಿಂದ ವೀಳ್ಯ ತೆಗೆದರು. ಆದರೆ ಅದನ್ನು ನನ್ನ ಕಡೆ ಚಾಚಿದರು.

"ಕಟ್ಟಿದವರು ತಾನೇ ಕೂರಬೇಕು? ನಾನು ಕಟ್ಟಿದ್ದು ಯಾವುದು, ಬಿಟ್ಟದ್ದು ಯಾವುದು ನನಗೆ ಗೊತ್ತಿಲ್ಲ. ಕೊನೆಯ ಹನ್ನೊಂದಕ್ಕೆ ಜೀವ ಕೊಟ್ಟವಳು ನೀನು. ಹತ್ತು."

"ತಲೆ ಕೆಟ್ಟಿದೆಯೇ ನಿಮಗೆ?" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಸ್ವಲ್ಪ" ಎಂದರು.

ನೀನು ಕಳಿಸಿದ ಕಿತ್ತಳೆ ಜಾಕೆಟನ್ನು ಸೀರೆಯ ಮೇಲೆ ನನಗೆ ತೊಡಿಸಿ, ಬಕಲ್ ಒಂದೊಂದಾಗಿ ಹಾಕಿದರು. ಅಂಗಡಿಯ ಮುಂದಿನ ಬೊಂಬೆಯಂತೆ ನಿಂತಿದ್ದೆ. ಐವತ್ತು ವರ್ಷ ದೋಣಿಯ ಒಳಗೆ ಕುಳಿತವಳು, ನೀರಿನ ಮೇಲೆ ಒಮ್ಮೆಯೂ ಕೂತವಳಲ್ಲ. ಅಪ್ಪ ಮಗ ಸೇರಿ ಎತ್ತಿ ಕೂರಿಸಿದರು. ನೂಕಿದರು.

ಧಾರಿಣಿ, ನೀರು ಬಂತು. ಎರಡು ಹಲಗೆಗಳ ನಡುವಿನಿಂದ ಸಣ್ಣಗೆ, ತಣ್ಣಗೆ, ನನ್ನ ಪಾದಕ್ಕೆ. ಹೊಸ ಹಲಗೆ ನೀರು ಕುಡಿದು ಉಬ್ಬುವವರೆಗೆ ಹಾಗೆಯೇ ಎಂದು ನೂರು ಸಲ ಕೇಳಿದವಳು ನಾನು. ಕೇಳುವುದು ಬೇರೆ, ಪಾದ ಒದ್ದೆಯಾಗುವುದು ಬೇರೆ. ಎಲೆ ಅಗಿಯುತ್ತ ಎಡಗಡೆಯ ತಳವನ್ನೇ ನೋಡುತ್ತಿದ್ದೆ. ಕಾಲ್ಬೆರಳು ಮುಳುಗಿತು. ಹಿಮ್ಮಡಿ ಮುಳುಗಿತು.

ಆಗ ದಡ ನೋಡಿದೆ. ಹಗ್ಗದ ತುದಿ ಇವರ ಕೈಯಲ್ಲಿ. ಇವರು ನನ್ನನ್ನು ನೋಡುತ್ತಿರಲಿಲ್ಲ. ಕತ್ತು ತಿರುಗಿಸಿ, ಖಾಲಿ ಶೆಡ್ಡಿನ ಕಡೆ, ಯಾರೋ ಕರೆದ ಹಾಗೆ ನೋಡುತ್ತ ನಿಂತಿದ್ದರು. ಆ ನೋಟ ನನಗೆ ಗೊತ್ತು. ಅಳತೆಪಟ್ಟಿ ಹಿಡಿದುಕೊಂಡು ಅಳತೆಪಟ್ಟಿ ಹುಡುಕಿದ ದಿನದ ನೋಟ. ಬೆರಳುಗಳು ನಿಧಾನವಾಗಿ ಸಡಿಲವಾದವು. ಹಗ್ಗ ಕೈಯಿಂದ ಜಾರಿತು.

ಕೂಗಲು ಬಾಯಿ ತುಂಬ ಎಲೆ. ಉಗಿದರೆ ಪದ್ಧತಿ ಮುರಿಯುತ್ತದೆ. ಪದ್ಧತಿ ಹಾಳಾಗಿ ಹೋಗಲಿ ಎಂದು ಉಗಿಯಬೇಕೆನ್ನುವಷ್ಟರಲ್ಲಿ ಕಂಡೆ. ಜಾರಿದ ಹಗ್ಗ ನೆಲಕ್ಕೆ ಬೀಳಲಿಲ್ಲ. ಅದರ ತುದಿಯನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ, ಗಂಟು ಹಾಕಿಕೊಂಡಿದ್ದರು. ಯಾವಾಗ ಹಾಕಿಕೊಂಡರೋ. ತಾವು ಮರೆಯುತ್ತೇವೆಂಬುದನ್ನು ಮಾತ್ರ ಮರೆಯದೆ ಇದ್ದಾಗ ಹಾಕಿಕೊಂಡದ್ದು.

ಎಲೆ ಮುಗಿಯುವವರೆಗೆ ಅಗಿದೆ. ನೀರು ಪಾದದ ಗಂಟಿನಿಂದ ಮೇಲೆ ಏರಲಿಲ್ಲ. ಹಲಗೆ ಕೂಡಿಕೊಂಡಿತು. ನಿನ್ನ ಅಪ್ಪ ಹಗ್ಗ ಎಳೆದ. ದಡಕ್ಕೆ ತಾಗಿದಾಗ ಇವರು ತಿರುಗಿ, ಈಗಷ್ಟೇ ನನ್ನನ್ನು ಕಂಡವರಂತೆ, "ಎಷ್ಟು ನೀರು ಬಂತು?" ಎಂದರು.

"ನಿಮ್ಮ ದೋಣಿಗೆ ಯಾವಾಗಲೂ ಬರುವಷ್ಟೇ" ಎಂದೆ.

ದೋಣಿ ಈಗ ಮತ್ತೆ ಬೇಸ್‌ಮೆಂಟಿನಲ್ಲಿದೆ, ಒದ್ದೆ ಗೋಣಿ ಹೊದ್ದುಕೊಂಡು. ಒಣಗಿದರೆ ಬಾಯಿ ಬಿಡುತ್ತದೆ, ಅದಕ್ಕೇ ಬೆಳಿಗ್ಗೆ ನಾನು, ಸಂಜೆ ಮಹಂತೇಶ್ ನೀರು ಹಾಕುತ್ತೇವೆ. ಸೊಸೈಟಿಯಲ್ಲಿ ನೀರು ಪೋಲು ಮಾಡಬಾರದೆಂದು ನೋಟಿಸ್ ಅಂಟಿಸಿದವರೂ ಅವರೇ. ಡಾಕ್ಟರ ಹತ್ತಿರ ಹೋಗಲು ಇವರು ಒಪ್ಪಿದ್ದಾರೆ, ಹತ್ತನೇ ತಾರೀಕಿಗೆ.

ಇನ್ನೊಂದು ಇದೆ. ಯುಗಾದಿಯ ಸಂಜೆ ಹೋಳಿಗೆ ಬಡಿಸುವಾಗ ನೋಡಿದರೆ ಅಂಗಿಯ ಕೆಳಗೆ ಹಗ್ಗ ಹಾಗೆಯೇ ಇತ್ತು. ತುದಿಯನ್ನು ನಿನ್ನ ಅಪ್ಪ ಕತ್ತರಿಸಿದ್ದ, ಗಂಟು ಬಿಚ್ಚುವುದು ಯಾರಿಗೂ ತೋಚಿರಲಿಲ್ಲ. ಇವರು ಅದನ್ನು ಮುಟ್ಟಿ ನೋಡಿಕೊಂಡು, "ಇದನ್ನು ಯಾರು ಕಟ್ಟಿದ್ದು?" ಎಂದರು.

"ನಾನೇ" ಎಂದೆ.

"ಹಾಗಾದರೆ ಇರಲಿ" ಎಂದು ಹೋಳಿಗೆ ಮುರಿದರು.

ಹನ್ನೆರಡಕ್ಕೆ ಬಾ. ನಿನಗೆ ಹೇಳಬೇಕಾದ ಮಾತಿದೆಯಲ್ಲ, ಬೆಳಗಿನ ಹೊತ್ತು ಹೇಳು, ಆಗ ಅವರಿಗೆ ಎಲ್ಲ ನೆನಪಿರುತ್ತದೆ.

ನಿನ್ನ ಅಜ್ಜಿ
ಪದ್ಮಾ